‘ಕೇಳಿಸ್ತಾ ಇದೆಯಾ?’ ಅನ್ನೋ ಪ್ರಶ್ನೆಯ ಹಿಂದೆ

ಈ ಅಂಕಣಕ್ಕೆ ಬರೋ ಪ್ರಶ್ನೆಗಳಲ್ಲಿ ಒಂದು ಮಾತ್ರ ಬೇರೆ ಬೇರೆ ವೇಷದಲ್ಲಿ ಮತ್ತೆ ಮತ್ತೆ ಬರ್ತಾನೇ ಇರುತ್ತೆ. ‘ನೆಟ್ ಫುಲ್ ಇದೆ, ಯೂಟ್ಯೂಬ್ ಜುಮ್ಮಂತ ಓಡುತ್ತೆ. ಊರಿಗೆ ವಿಡಿಯೊ ಕಾಲ್ ಮಾಡಿದ್ರೆ ಮಾತ್ರ ಅಮ್ಮನ ಮಾತು ತುಂಡು ತುಂಡು. ಯಾಕೆ?’ ಅಂತ ಒಬ್ಬರು. ‘ಮೀಟಿಂಗ್‌ನಲ್ಲಿ ನಾನೂ ಮ್ಯಾನೇಜರೂ ಒಟ್ಟಿಗೇ ಬಾಯಿ ತೆಗೀತೀವಿ, ಒಟ್ಟಿಗೇ ಸುಮ್ಮನಾಗ್ತೀವಿ. ಇದೇನು ಕರ್ಮ?’ ಅಂತ ಇನ್ನೊಬ್ಬರು.

ನನ್ನ ಹೊಟ್ಟೆಪಾಡೇ ನೆಟ್‌ವರ್ಕ್ ಕೆಲಸ. ಹಾಗಾಗಿ ಈ ಸಲ ಪೂರ್ತಿ ಇದೇ ವಿಷಯ. ಗಣಿತ ಇಲ್ಲ, ಸೂತ್ರ ಇಲ್ಲ. ಆದರೆ ಮನೆಯಲ್ಲಿ, ಆಫೀಸಿನಲ್ಲಿ ಹುಟ್ಟೋ ಕೆಲವು ಮುನಿಸುಗಳಿಗೆ ಯಾರದೂ ತಪ್ಪಿರಲ್ಲ, ನಡುವಿನ ತಂತಿಯದು ಇರುತ್ತೆ. ಅದನ್ನ ತಿಳ್ಕೊಂಡ್ರೆ ಒಳ್ಳೇದು.

ಹಳೇ ಫೋನು ದಾರಿಯನ್ನೇ ಕಾಯ್ದಿರಿಸುತ್ತಿತ್ತು

ಲ್ಯಾಂಡ್‌ಲೈನ್ ಕಾಲದಲ್ಲಿ ನೀವು ನಂಬರ್ ತಿರುಗಿಸಿದ್ರೆ ಎಕ್ಸ್‌ಚೇಂಜು ನಿಮ್ಮ ಮನೆಯಿಂದ ಅವರ ಮನೆಯವರೆಗೆ ಒಂದು ದಾರಿಯನ್ನು ಜೋಡಿಸಿಕೊಡುತ್ತಿತ್ತು. ರಿಸೀವರ್ ಕೆಳಗಿಡೋವರೆಗೂ ಆ ದಾರಿ ನಿಮ್ಮಿಬ್ಬರದೇ. ನೀವು ಐದು ನಿಮಿಷ ಮಾತಾಡದೆ ಸುಮ್ಮನಿದ್ರೂ ಬೇರೆ ಯಾರೂ ಅದರೊಳಗೆ ಕಾಲಿಡುವ ಹಾಗಿಲ್ಲ. ಮಂತ್ರಿಗಳ ಕಾರು ಬರುತ್ತೆ ಅಂತ ರಸ್ತೆ ಖಾಲಿ ಮಾಡಿಸ್ತಾರಲ್ಲ, ಹಾಗೆ.

ಎಕ್ಸ್‌ಚೇಂಜುಗಳು ಡಿಜಿಟಲ್ ಆದ ಮೇಲೂ ಈ ಪದ್ಧತಿ ಬದಲಾಗಲಿಲ್ಲ. ನಿಮ್ಮ ದನಿಯನ್ನು ಸೆಕೆಂಡಿಗೆ 8,000 ಸಲ ಅಳೆದು, ಪ್ರತಿ ಅಳತೆಗೂ 8 ಬಿಟ್ ಕೊಟ್ಟು, ಒಟ್ಟು ಸೆಕೆಂಡಿಗೆ 64,000 ಬಿಟ್‌ಗಳನ್ನು ಕಳಿಸುತ್ತಿದ್ದರು. ದನಿಯಲ್ಲಿ 300ರಿಂದ 3,400 ಹರ್ಟ್ಸ್‌ವರೆಗಿನದ್ದು ಮಾತ್ರ ದಾಟುತ್ತಿತ್ತು. ಫೋನಿನಲ್ಲಿ ಇಮೇಲ್ ವಿಳಾಸ ಹೇಳುವಾಗ ‘ಎಸ್’ ಅಂದ್ರೆ ಆ ಕಡೆ ‘ಎಫ್’ ಕೇಳಿಸೋದು ಇದರಿಂದಲೇ. ಆ ಎರಡನ್ನೂ ಬೇರೆ ಮಾಡೋ ಸದ್ದಿನ ಹೆಚ್ಚು ಪಾಲು 3,400 ಹರ್ಟ್ಸ್‌ಗಿಂತ ಮೇಲಿರುತ್ತೆ, ಅದು ತಂತಿ ಹತ್ತೋದೇ ಇಲ್ಲ.

ಇಂಟರ್‌ನೆಟ್‌ನಲ್ಲಿ ಯಾರಿಗೂ ದಾರಿ ಕಾಯ್ದಿರಿಸಲ್ಲ. ರಸ್ತೆ ಎಲ್ಲರದೂ. ಅಲ್ಲಿ ಮಾತನ್ನು ಸಣ್ಣ ಸಣ್ಣ ತುಂಡು ಮಾಡಿ ಪೋಸ್ಟ್ ಕಾರ್ಡಿನ ಹಾಗೆ ಒಂದೊಂದಾಗಿ ಡಬ್ಬಿಗೆ ಹಾಕಬೇಕು. ಸಾಮಾನ್ಯವಾಗಿ 20 ಮಿಲಿಸೆಕೆಂಡಿಗೆ ಒಂದು ಕಾರ್ಡು. ಅಂದ್ರೆ ನೀವು ‘ಊಟ ಆಯ್ತಾ?’ ಅಂತ ಕೇಳೋ ಒಂದು ಸೆಕೆಂಡಿನಲ್ಲಿ 50 ಕಾರ್ಡುಗಳು ಹೊರಟಿರುತ್ತವೆ. ಪ್ರತಿಯೊಂದರ ಮೇಲೂ ವಿಳಾಸ, ಕ್ರಮಸಂಖ್ಯೆ, ಸಮಯದ ಮುದ್ರೆ. ಈ ಸಂಖ್ಯೆ, ಮುದ್ರೆ ಹಾಕೋ ನಿಯಮಕ್ಕೆ ಆರ್‌ಟಿಪಿ ಅಂತ ಹೆಸರು. 1996ರಲ್ಲಿ ಬಂದ ಈ ನಿಯಮ ಇವತ್ತಿಗೂ ಹೆಚ್ಚಿನ ಕಾಲ್‌ಗಳ ಒಳಗೆ ದುಡೀತಾ ಇದೆ. ಹಳೇ ಫೋನಿನ ದನಿಯನ್ನೇ ಹೀಗೆ ಕಳಿಸಿದ್ರೆ ಒಂದು ಕಾರ್ಡಿನಲ್ಲಿ 160 ಬೈಟ್ ಮಾತು, 40 ಬೈಟ್ ವಿಳಾಸ ಇತ್ಯಾದಿ. ಐದರಲ್ಲಿ ಒಂದು ಪಾಲು ಬರೀ ಲಕೋಟೆ!

ಗಂಟೆ ಹೊಡೆಸೋರು ಬೇರೆ, ಮಾತು ಹೊರೋರು ಬೇರೆ

ಕಾಲ್ ಅಂದ್ರೆ ಒಂದೇ ಕೆಲಸ ಅಂತ ನಮಗನಿಸುತ್ತೆ. ಒಳಗೆ ಎರಡು ಬೇರೆ ಬೇರೆ ಕೆಲಸಗಳಿವೆ. ಮದುವೆ ಬ್ರೋಕರ್ ಗೊತ್ತಲ್ಲ? ಅವನು ಎರಡೂ ಮನೆಯವರನ್ನು ಹುಡುಕಿ, ಕೇಳಿ, ಒಪ್ಪಿಸಿ ಎದುರುಬದುರು ಕೂರಿಸ್ತಾನೆ. ಆಮೇಲೆ ಮಾತುಕತೆ ಆ ಎರಡು ಮನೆಯವರದು. ಅಂಥ ಬ್ರೋಕರ್ ಕೆಲಸಕ್ಕಿರೋ ಹೆಸರಾಂತ ನಿಯಮ ಸಿಪ್. 1999ರಲ್ಲಿ ಮೊದಲು ಬಂತು, 2002ರಲ್ಲಿ ತಿದ್ದುಪಡಿಯಾಯಿತು.

ಅದರ ಮಾತು ಬಹಳ ಸರಳ. ಮೊದಲು ಈ ಕಡೆಯಿಂದ ‘ಇನ್ವೈಟ್’. ಅದರ ಜೊತೆಗೇ ‘ನನಗೆ ಇಂತಿಂಥ ಕೋಡೆಕ್ ಬರುತ್ತೆ, ನಿನಗೆ ಯಾವುದು ಬರುತ್ತೆ?’ ಅನ್ನೋ ಪಟ್ಟಿ. ಆ ಕಡೆಯಿಂದ ‘ಗಂಟೆ ಹೊಡೀತಾ ಇದೆ’ ಅನ್ನೋ ಸುದ್ದಿ. ಫೋನ್ ಎತ್ತಿದ ಕೂಡಲೇ ‘ಓಕೆ’. ಈ ಕಡೆಯಿಂದ ‘ಸರಿ, ತಲುಪಿತು’. ಎಲ್ಲ ಮುಗಿದ ಮೇಲೆ ಯಾರಾದರೂ ಒಬ್ಬರು ‘ಬೈ’. ನಿಜವಾಗಿಯೂ ಆ ಸಂದೇಶದ ಹೆಸರೇ ‘ಬೈ’. ಎಲ್ಲ ಆ್ಯಪ್‌ಗಳೂ ಸಿಪ್ ಬಳಸಲ್ಲ, ಕೆಲವು ತಮ್ಮದೇ ಭಾಷೆ ಮಾಡ್ಕೊಂಡಿವೆ. ಆದರೆ ಬ್ರೋಕರ್ ಬೇರೆ, ಮಾತುಕತೆ ಬೇರೆ ಅನ್ನೋ ಪಾಲು ಎಲ್ಲ ಕಡೆಯೂ ಒಂದೇ.

‘ನಾನು ಆ್ಯಪ್ ಬಳಸಲ್ಲ, ಮಾಮೂಲಿ ಕಾಲೇ ಮಾಡೋದು’ ಅನ್ನೋರಿಗೂ ಒಂದು ಮಾತು. 4ಜಿ ಫೋನಿನ ವೋಲ್ಟೆ ಕಾಲ್ ಕೂಡ ಒಳಗೆ ಇದೇ ಸಿಪ್, ಇದೇ ಕಾರ್ಡುಗಳು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದಾಗ ಅದರಲ್ಲಿ 2ಜಿ, 3ಜಿ ಇರಲೇ ಇಲ್ಲ. ಎಲ್ಲ ಮಾತೂ 4ಜಿ ಮೇಲೇ ಹೋಗಬೇಕಿತ್ತು. ನಮ್ಮ ಹಳ್ಳಿಗಳ ಅಜ್ಜ ಅಜ್ಜಿಯರು ಗೊತ್ತಿಲ್ಲದೇ ಇಂಟರ್‌ನೆಟ್ ಫೋನಿಗೆ ಬಂದದ್ದು ಹಾಗೆ.

ಇಲ್ಲಿ ಇನ್ನೊಂದು ತೊಡಕಿದೆ. ನಿಮ್ಮ ಫೋನಿಗೆ ಹೊರಗಿನಿಂದ ಕಾಣುವ ಸ್ವಂತ ವಿಳಾಸ ಸಾಮಾನ್ಯವಾಗಿ ಇರಲ್ಲ. ನೀವೊಂದು ಪಿಜಿಯಲ್ಲಿದ್ದೀರಿ ಅಂತಿಟ್ಕೊಳ್ಳಿ. ಹೊರಗಿನವರಿಗೆ ಗೊತ್ತಿರೋದು ಕಟ್ಟಡದ ವಿಳಾಸ ಮಾತ್ರ. ಯಾರು ಯಾವ ರೂಮು ಅನ್ನೋದು ವಾರ್ಡನ್‌ಗೆ ಗೊತ್ತು. ವೈಫೈ ರೂಟರು, ಮೊಬೈಲ್ ಕಂಪನಿ ಎರಡೂ ಹೀಗೇ ವಾರ್ಡನ್ ಕೆಲಸ ಮಾಡ್ತವೆ. ಹಾಗಾಗಿ ಆ್ಯಪ್ ಮೊದಲು ಹೊರಗಿನ ಒಂದು ಸರ್ವರಿಗೆ ‘ಅಲ್ಲಿಂದ ನೋಡಿದ್ರೆ ನನ್ನ ವಿಳಾಸ ಏನು ಕಾಣುತ್ತೆ?’ ಅಂತ ಕೇಳುತ್ತೆ. ಸಿಕ್ಕ ವಿಳಾಸಗಳನ್ನೆಲ್ಲ ಒಂದೊಂದಾಗಿ ತಟ್ಟಿ ನೋಡುತ್ತೆ. ನೇರ ದಾರಿ ಸಿಗದಿದ್ರೆ ನಡುವೆ ಒಬ್ಬ ಮಧ್ಯವರ್ತಿ ಸರ್ವರ್ ಮೂಲಕ ಸುತ್ತಿ ಹೋಗುತ್ತೆ. ಪರದೆ ಮೇಲೆ ‘ಕನೆಕ್ಟಿಂಗ್’ ಅಂತ ಬರುವಾಗ ನಡೆಯೋ ಕೆಲಸಗಳಲ್ಲಿ ಇದೂ ಒಂದು.

ಯೂಟ್ಯೂಬ್ ಓಡುತ್ತೆ, ಕಾಲ್ ಯಾಕೆ ಓಡಲ್ಲ?

ಯೂಟ್ಯೂಬಿನ ವಿಡಿಯೊ ಮೊದಲೇ ತಯಾರಾಗಿ ಕೂತಿದೆ. ನೀವು ನೋಡ್ತಿರೋ ಜಾಗಕ್ಕಿಂತ ಮುಂದಿನದನ್ನು ಫೋನು ಮೊದಲೇ ಇಳಿಸ್ಕೊಂಡು ಇಟ್ಕೊಂಡಿರುತ್ತೆ. ನಡುವೆ ಎರಡು ಸೆಕೆಂಡು ನೆಟ್ ಹೋದ್ರೂ ನಿಮಗೆ ಗೊತ್ತಾಗಲ್ಲ. ಒಂದು ಪ್ಯಾಕೆಟ್ ಕಳೆದುಹೋದ್ರೆ ‘ಅದನ್ನ ಮತ್ತೆ ಕಳಿಸು’ ಅನ್ನೋಕೆ ಪುರುಸೊತ್ತಿದೆ.

ಕಾಲ್‌ನಲ್ಲಿ ಆ ಅನುಕೂಲ ಇಲ್ಲ. ಅಮ್ಮ ಮುಂದಿನ ವಾಕ್ಯವನ್ನು ಇನ್ನೂ ಆಡಿಯೇ ಇಲ್ಲ, ಇಳಿಸ್ಕೊಳ್ಳೋದೆಲ್ಲಿಂದ? ಕಳೆದುಹೋದ ಕಾರ್ಡನ್ನು ಮತ್ತೆ ತರಿಸೋಷ್ಟರಲ್ಲಿ ಮಾತು ಮುಂದೆ ಹೋಗಿರುತ್ತೆ. ಮದುವೆ ಮುಗಿದ ಮೇಲೆ ಕೈ ಸೇರಿದ ಲಗ್ನಪತ್ರಿಕೆ ಅದು. ಆದ್ದರಿಂದ ಕಾಲ್‌ಗಳು ಸಾಮಾನ್ಯವಾಗಿ ‘ತಲುಪಿತಾ ಇಲ್ವಾ’ ಅಂತ ಕಾಯದ ಯುಡಿಪಿ ದಾರಿ ಹಿಡೀತವೆ. ತಲುಪಿದ್ದು ತಲುಪಿತು, ಹೋದದ್ದು ಹೋಯಿತು.

ವೇಗದ ವಿಷಯಕ್ಕೆ ಬಂದ್ರೆ, ಮಾತಿಗೆ ಬೇಕಾದ್ದು ಬಹಳ ಕಡಿಮೆ. 2012ರಲ್ಲಿ ಪ್ರಮಾಣಿತವಾದ ಓಪಸ್ ಅನ್ನೋ ಕೋಡೆಕ್ ಸೆಕೆಂಡಿಗೆ 6 ಕಿಲೊಬಿಟ್‌ನಿಂದ 510 ಕಿಲೊಬಿಟ್‌ವರೆಗೆ ಹೇಗೆ ಬೇಕಾದ್ರೂ ಕುಗ್ಗಿ ಹಿಗ್ಗುತ್ತೆ. ಸ್ಕೈಪ್‌ನವರ ಒಂದು ಕೋಡೆಕ್ಕೂ ಸಂಗೀತಕ್ಕೆ ಒಗ್ಗುವ ಇನ್ನೊಂದು ಕೋಡೆಕ್ಕೂ ಸೇರಿ ಹುಟ್ಟಿದ್ದು ಅದು. ಸ್ಕೈಪ್ 2025ರ ಮೇನಲ್ಲಿ ಬಾಗಿಲು ಹಾಕಿತು, ಅದರ ಕೂಸು ಮಾತ್ರ ನಿಮ್ಮ ಫೋನಿನಲ್ಲಿ ಇನ್ನೂ ಓಡಾಡ್ತಿದೆ. 25–30 ಕಿಲೊಬಿಟ್ ಸಿಕ್ಕಿದ್ರೆ ಓಪಸ್‌ನಲ್ಲಿ ಮಾತು ಹಳೇ ಲ್ಯಾಂಡ್‌ಲೈನಿಗಿಂತ ತಿಳಿಯಾಗಿ ಕೇಳುತ್ತೆ. ನಿಮ್ಮ ಮನೆಯ 100 ಎಂಬಿಪಿಎಸ್ ಪ್ಲಾನ್‌ಗೂ ಇದಕ್ಕೂ ಅಂಥಾ ಸಂಬಂಧವೇ ಇಲ್ಲ.

ಬೇಕಿರೋದು ವೇಗ ಅಲ್ಲ, ಸಮಗತಿ. ಹತ್ತು ನಿಮಿಷಕ್ಕೊಂದು ಸಿಟಿ ಬಸ್ ಅಂತ ಬೋರ್ಡಿನಲ್ಲಿ ಬರೆದಿರುತ್ತೆ. ಅರ್ಧ ಗಂಟೆ ಒಂದೂ ಬರಲ್ಲ, ಆಮೇಲೆ ಮೂರು ಒಟ್ಟಿಗೇ ಬರ್ತವೆ. ಲೆಕ್ಕಕ್ಕೆ ಸರಿ, ಕಾಯೋನಿಗೆ ಕಷ್ಟ. ಕಾರ್ಡುಗಳೂ ಹೀಗೇ ಗುಂಪು ಗುಂಪಾಗಿ ಬಂದ್ರೆ ಅದಕ್ಕೆ ಜಿಟರ್ ಅಂತಾರೆ. ಇದನ್ನ ಸರಿಪಡಿಸೋಕೆ ಫೋನು ಬಂದ ಕಾರ್ಡುಗಳನ್ನು ಕೂಡಲೇ ಓದದೆ ಸ್ವಲ್ಪ ಹೊತ್ತು ಕೂಡಿಟ್ಟು, ಸಾಲು ಮಾಡಿ, ಒಂದೇ ಗತಿಯಲ್ಲಿ ನುಡಿಸುತ್ತೆ. ಹೆಚ್ಚು ಹೊತ್ತು ಕೂಡಿಟ್ರೆ ಮಾತು ನಯವಾಗುತ್ತೆ, ಆದರೆ ತಡವಾಗುತ್ತೆ. ಕಡಿಮೆ ಕೂಡಿಟ್ರೆ ಬೇಗ ಕೇಳುತ್ತೆ, ಆದರೆ ಮುಕ್ಕಾಗುತ್ತೆ. ನೆಟ್‌ವರ್ಕ್ ಹೇಗಿದೆ ಅಂತ ನೋಡ್ಕೊಂಡು ಫೋನು ಈ ಎರಡರ ನಡುವೆ ಸದಾ ತೂಗ್ತಾ ಇರುತ್ತೆ.

ಒಂದು ಕಾರ್ಡು ಬರಲೇ ಇಲ್ಲ ಅಂದ್ರೆ? ಹಿಂದಿನ ಕಾರ್ಡಿನ ದನಿಯನ್ನೇ ಎಳೆದು ಫೋನು ಆ ಜಾಗವನ್ನು ಅಂದಾಜಿನಲ್ಲಿ ತುಂಬುತ್ತೆ. ಅಲ್ಲೊಂದು ಇಲ್ಲೊಂದು ಹೋದ್ರೆ ನಿಮಗೆ ತಿಳಿಯೋದೇ ಇಲ್ಲ. ಸಾಲಾಗಿ ಹೋದ್ರೆ ಮಾತ್ರ ಅಪ್ಪನ ದನಿ ಇದ್ದಕ್ಕಿದ್ದ ಹಾಗೆ ರೋಬೋ ಥರ ಆಗುತ್ತೆ.

ಮುಖ ತೋರಿಸೋ ಖರ್ಚು

ವಿಡಿಯೊ ಸೇರಿದ್ರೆ ಲೆಕ್ಕ ಬೇರೆಯೇ. 1280 × 720 ಚುಕ್ಕೆಯ ಚಿತ್ರ, ಪ್ರತಿ ಚುಕ್ಕೆಗೆ 24 ಬಿಟ್, ಸೆಕೆಂಡಿಗೆ 30 ಚಿತ್ರ ಅಂದ್ರೆ ಸೆಕೆಂಡಿಗೆ ಸುಮಾರು 66 ಕೋಟಿ ಬಿಟ್. ಅದನ್ನು ಹತ್ತಿಪ್ಪತ್ತು ಲಕ್ಷ ಬಿಟ್‌ಗೆ ಇಳಿಸಿ ಕಳಿಸ್ತಾರೆ. ಉಪಾಯ ಏನು ಅಂದ್ರೆ, ಒಂದು ಸಲ ಪೂರ್ತಿ ಚಿತ್ರ ಕಳಿಸೋದು, ಆಮೇಲೆ ಬದಲಾದದ್ದನ್ನು ಮಾತ್ರ ಕಳಿಸೋದು. ನಿಮ್ಮ ಹಿಂದಿನ ಗೋಡೆ ಅಲ್ಲಾಡಲ್ಲ, ತುಟಿ ಅಲ್ಲಾಡುತ್ತೆ. ತುಟಿಯ ಸುದ್ದಿ ಮಾತ್ರ ಹೋಗುತ್ತೆ.

ಆ ‘ಬದಲಾದ ಸುದ್ದಿ’ಯಲ್ಲಿ ಒಂದು ಕಳೆದ್ರೆ ಮುಂದಿನದೆಲ್ಲ ತಪ್ಪು ಚಿತ್ರದ ಮೇಲೆ ಕೂರುತ್ತೆ. ಮುಖ ಕಲಸಿದ ಹಾಗೆ, ಅರ್ಧ ಗೋಡೆಗೆ ಅಂಟಿದ ಹಾಗೆ ಕಾಣೋದು ಆಗಲೇ. ಮತ್ತೊಂದು ಪೂರ್ತಿ ಚಿತ್ರ ಬಂದ ಮೇಲೆ ಸರಿಹೋಗುತ್ತೆ. ದಾರಿ ಇಕ್ಕಟ್ಟಾದ್ರೆ ಒಳ್ಳೆ ಆ್ಯಪ್ ಮೊದಲು ಚಿತ್ರವನ್ನು ಮಸುಕು ಮಾಡಿ ಮಾತನ್ನು ಉಳಿಸೋಕೆ ನೋಡುತ್ತೆ. ಅದೇ ಕೆಲಸವನ್ನು ನೀವೇ ಮೊದಲು ಮಾಡಬಹುದು. ಕ್ಯಾಮೆರಾ ಆಫ್ ಮಾಡಿದ್ರೆ ಕಾರ್ಡುಗಳ ದೊಡ್ಡ ರಾಶಿಯೇ ರಸ್ತೆಯಿಂದ ಇಳಿಯುತ್ತೆ.

ಇನ್ನೂರು ಮಿಲಿಸೆಕೆಂಡಿನ ಮರ್ಯಾದೆ

ಈಗ ನಾನು ನಿಜಕ್ಕೂ ಹೇಳಬೇಕಾದ ವಿಷಯ.

ಎದುರುಬದುರು ಕೂತು ಮಾತಾಡುವಾಗ ಒಬ್ಬರು ಪ್ರಶ್ನೆ ಮುಗಿಸಿದ ಮೇಲೆ ಇನ್ನೊಬ್ಬರು ಉತ್ತರ ಶುರು ಮಾಡೋಕೆ ಎಷ್ಟು ಹೊತ್ತು ತಗೋತಾರೆ? ಹತ್ತು ಭಾಷೆಗಳನ್ನು ಹೋಲಿಸಿ 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸಿಕ್ಕ ಸರಾಸರಿ ಸುಮಾರು 200 ಮಿಲಿಸೆಕೆಂಡ್. ಕಣ್ಣು ಮಿಟುಕಿಸೋಷ್ಟು ಹೊತ್ತು. ಭಾಷೆಯಿಂದ ಭಾಷೆಗೆ ಸ್ವಲ್ಪ ಹೆಚ್ಚು ಕಡಿಮೆ ಅಷ್ಟೇ. ನಮಗೆ ಗೊತ್ತಿಲ್ಲದ ಹಾಗೇ ನಮ್ಮ ಕಿವಿ ಈ ಲಯಕ್ಕೆ ಒಗ್ಗಿಹೋಗಿದೆ.

ಈಗ ನಡುವೆ ನೆಟ್‌ವರ್ಕ್ ಇಡಿ. ಬೆಂಗಳೂರಿನಿಂದ ಕ್ಯಾಲಿಫೋರ್ನಿಯಾಕ್ಕೆ ಸುಮಾರು 14,000 ಕಿಲೊಮೀಟರ್. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಹತ್ತಿರ ಹತ್ತಿರ 2 ಲಕ್ಷ ಕಿಲೊಮೀಟರ್ ಹೋಗುತ್ತೆ. ನೇರ ಎಳೆದ್ರೂ ಒಂದು ದಿಕ್ಕಿಗೆ 70 ಮಿಲಿಸೆಕೆಂಡ್ ಬೇಕೇ ಬೇಕು, ಇದನ್ನ ಯಾವ ಕಂಪನಿಯೂ ಕಮ್ಮಿ ಮಾಡೋಕಾಗಲ್ಲ. ಸಮುದ್ರದಡಿಯ ಕೇಬಲ್ ನೇರ ಇರಲ್ಲ, ಸುತ್ತಿ ಹೋಗುತ್ತೆ. ಅದರ ಮೇಲೆ ಕಾರ್ಡು ಕಟ್ಟೋ ಹೊತ್ತು, ವೈಫೈ ಸರದಿ, ಕೂಡಿಡೋ ಹೊತ್ತು. ಊರಲ್ಲೇ ಇದ್ರೂ ಟವರ್ ತುಂಬಿದ್ರೆ ಸಾಕು, ಇಷ್ಟೇ ತಡ ಆಗುತ್ತೆ.

ಒಂದು ದಿಕ್ಕಿನ ತಡ 150 ಮಿಲಿಸೆಕೆಂಡ್ ಒಳಗಿದ್ರೆ ಸಾಮಾನ್ಯವಾಗಿ ಮಾತುಕತೆಗೆ ತೊಂದರೆ ಇಲ್ಲ, 400 ದಾಟಬಾರದು ಅನ್ನೋದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಸಲಹೆ. ನಡುವೆ 300 ಅಂತಿಟ್ಕೊಳ್ಳಿ. ನೀವು ‘ಹಬ್ಬಕ್ಕೆ ಬರ್ತೀಯಾ?’ ಅಂತ ಕೇಳಿದ್ದು ತಮ್ಮನಿಗೆ ತಲುಪೋಕೆ 300. ಅವನು ಎಂದಿನ ಹಾಗೆ 200ರಲ್ಲಿ ‘ಬರ್ತೀನಿ ಅಕ್ಕ’ ಅಂದ. ಅದು ನಿಮಗೆ ತಲುಪೋಕೆ ಇನ್ನೂ 300. ನಿಮ್ಮ ಕಿವಿಗೆ ಕೇಳಿದ ಮೌನ 800 ಮಿಲಿಸೆಕೆಂಡ್. ಅವನ ಪಾಲಿಗೆ ಅವನು ಒಂದು ಕ್ಷಣವೂ ತಡ ಮಾಡಿಲ್ಲ. ನಿಮಗೆ ಮಾತ್ರ ‘ಯಾಕೋ ಯೋಚನೆ ಮಾಡಿ ಹೇಳ್ದ, ಮನಸ್ಸಿಲ್ಲ ಅನ್ಸುತ್ತೆ’.

ಒಟ್ಟಿಗೇ ಬಾಯಿ ತೆಗೆಯೋ ಕರ್ಮಕ್ಕೂ ಇದೇ ಕಾರಣ. ಮೌನ ಕಂಡು ಇಬ್ಬರೂ ಶುರು ಮಾಡ್ತಾರೆ. ಇನ್ನೊಬ್ಬರು ಶುರು ಮಾಡಿದ್ದು ಕೇಳೋದು 300 ಮಿಲಿಸೆಕೆಂಡ್ ಆದ ಮೇಲೆ. ಇಬ್ಬರೂ ನಿಲ್ಲಿಸ್ತಾರೆ. ‘ಹೇಳಿ ಹೇಳಿ’, ‘ಇಲ್ಲ ನೀವು ಹೇಳಿ’. ಮತ್ತೆ ಮೌನ, ಮತ್ತೆ ಡಿಕ್ಕಿ.

ಜರ್ಮನಿಯ ಸಂಶೋಧಕರು 2014ರಲ್ಲಿ ಇದನ್ನೇ ಪರೀಕ್ಷೆ ಮಾಡಿ ಪ್ರಕಟಿಸಿದ್ರು. ಫೋನಿನ ಮಾತಿನ ನಡುವೆ ಬೇಕಂತಲೇ ತಡ ಸೇರಿಸಿದಾಗ, ಮಾತಾಡಿದವರು ಆ ತಡವನ್ನು ತಂತಿಯ ತಲೆಗೆ ಕಟ್ಟಲಿಲ್ಲ, ಎದುರಿನವರ ತಲೆಗೆ ಕಟ್ಟಿದ್ರು. ‘ಅವರಿಗೆ ಗಮನ ಕಮ್ಮಿ’ ಅನ್ನೋ ಥರ ಅಂಕ ಕೊಟ್ರು.

ಇದು ಬರೀ ಕುತೂಹಲದ ಸಂಗತಿ ಅಲ್ಲ. ಕಳೆದ ವರ್ಷ ನಾನೊಂದು ವಿಡಿಯೊ ಇಂಟರ್‌ವ್ಯೂ ಪ್ಯಾನೆಲ್‌ನಲ್ಲಿ ಕೂತಿದ್ದೆ. ಅಭ್ಯರ್ಥಿ ಯಾದಗಿರಿ ಕಡೆಯವರು, ಮೊಬೈಲ್ ಹಾಟ್‌ಸ್ಪಾಟ್ ಹಾಕ್ಕೊಂಡು ಮನೆಯಿಂದ ಮಾತಾಡ್ತಿದ್ರು. ಪ್ರತಿ ಪ್ರಶ್ನೆಗೂ ಒಂದು ಸೆಕೆಂಡ್ ಮೇಲೆ ಮೌನ, ಆಮೇಲೆ ಉತ್ತರ. ನಡುನಡುವೆ ನಮ್ಮ ಮಾತಿನ ಮೇಲೇ ಅವರ ಮಾತು. ಪಕ್ಕದ ಸಹೋದ್ಯೋಗಿ ಹಾಳೆ ಮೇಲೆ ‘ಕಾನ್ಫಿಡೆನ್ಸ್ ಕಮ್ಮಿ, ಕೇಳಿಸಿಕೊಳ್ಳಲ್ಲ’ ಅಂತ ಬರೆದ್ರು. ನಾನು ಕಾಲ್‌ನ ಅಂಕಿಅಂಶ ತೆರೆದು ನೋಡಿದೆ. ಹೋಗಿ ಬರೋ ಹೊತ್ತು 900 ಮಿಲಿಸೆಕೆಂಡ್ ದಾಟಿತ್ತು. ‘ಮೇಡಂ, ಒಂದು ನಿಮಿಷ, ಇದನ್ನ ಕಟ್ ಮಾಡಿ. ನಿಮ್ಮ ನಂಬರಿಗೇ ಫೋನ್ ಮಾಡ್ತೀವಿ’ ಅಂದೆ.

ಫೋನಿನಲ್ಲಿ ಬೇರೆಯೇ ಮನುಷ್ಯರು. ಪ್ರಶ್ನೆ ಮುಗಿಯೋಷ್ಟರಲ್ಲಿ ಉತ್ತರ, ನಡುವೆ ಒಂದು ಸಣ್ಣ ತಮಾಷೆ. ಸಹೋದ್ಯೋಗಿ ಬರೆದದ್ದನ್ನು ತಾವೇ ಹೊಡೆದು ಹಾಕಿದ್ರು. ಆ ಅಭ್ಯರ್ಥಿ ಮುಂದಿನ ಸುತ್ತಿಗೆ ಹೋದ್ರು.

ನನ್ನನ್ನ ಕಾಡಿದ್ದು ಅದಲ್ಲ. ಅವತ್ತು ಬೆಳಗ್ಗೆ ಅದೇ ಪ್ಯಾನೆಲ್ ಮುಂದೆ ಬಂದಿದ್ದ, ಬೆಂಗಳೂರಿನ ಫೈಬರ್ ಲೈನಿನ ಹುಡುಗನಿಗೆ ‘ಚುರುಕು’ ಅಂತ ಬರೆದಿದ್ವಿ. ಆ ಚುರುಕಿನಲ್ಲಿ ಅವನದೆಷ್ಟು, ಫೈಬರಿನದೆಷ್ಟು? ನೆಟ್‌ವರ್ಕ್ ಚೆನ್ನಾಗಿರೋ ಕಡೆಯವರು ಬುದ್ಧಿವಂತರು, ಇಲ್ಲದ ಕಡೆಯವರು ಮಂದ ಅಂತ ನಾವು ಪ್ರತಿದಿನ ಗೊತ್ತಿಲ್ಲದೆ ತೀರ್ಪು ಕೊಡ್ತಿದ್ದೀವಿ. ಇಂಟರ್‌ವ್ಯೂ ತಗೊಳ್ಳೋ ಜಾಗದಲ್ಲಿ ಕೂತಿರೋ ಓದುಗರು ಇದೊಂದನ್ನ ದಯವಿಟ್ಟು ನೆನಪಿಟ್ಕೊಳ್ಳಿ.

ಹಾಗಾದ್ರೆ ಏನು ಮಾಡೋದು?

ಮೊದಲನೇದು, ಮುಖ್ಯವಾದ ಮಾತಿಗೆ ಮಾಮೂಲಿ ಕಾಲ್ ಮಾಡಿ. ವೋಲ್ಟೆ ಕಾಲ್ ಕೂಡ ಇಂಟರ್‌ನೆಟ್ ಕಾರ್ಡುಗಳೇ ಆದ್ರೂ ಅದಕ್ಕೆ ಮೊಬೈಲ್ ನೆಟ್‌ವರ್ಕ್ ಒಳಗೆ ಆಂಬುಲೆನ್ಸ್ ಥರ ಪ್ರತ್ಯೇಕ ಆದ್ಯತೆ ಇದೆ. ಆ್ಯಪ್ ಕಾಲ್ ನಿಮ್ಮ ರೀಲ್ಸ್, ಡೌನ್‌ಲೋಡ್ ಎಲ್ಲದರ ಜೊತೆ ಅದೇ ಸರದಿಯಲ್ಲಿ ನಿಲ್ಲುತ್ತೆ. ಟವರ್ ತುಂಬಿದಾಗ ವ್ಯತ್ಯಾಸ ಎದ್ದು ಕಾಣುತ್ತೆ.

ಎರಡನೇದು, ಸ್ಪೀಡ್ ಟೆಸ್ಟ್ ಮಾಡಿದಾಗ ಎಂಬಿಪಿಎಸ್ ನೋಡಿ ಖುಷಿಪಡಬೇಡಿ. ಪಿಂಗ್ ಮತ್ತು ಜಿಟರ್ ನೋಡಿ, ಕಮ್ಮಿ ಇದ್ದಷ್ಟೂ ಒಳ್ಳೇದು. ಮನೆಯಲ್ಲಿ ಯಾರದಾದ್ರೂ ಫೋನು ಫೋಟೊಗಳನ್ನು ಬ್ಯಾಕಪ್ ಮಾಡ್ತಿದ್ರೆ ನಿಮ್ಮ ಮಾತು ಆ ರಾಶಿಯ ಹಿಂದೆ ಸಿಕ್ಕಿಹಾಕ್ಕೊಂಡಿರುತ್ತೆ. ಕಾಲ್ ಮುಗಿಯೋವರೆಗೆ ಅದನ್ನ ನಿಲ್ಲಿಸಿ. ರೂಟರ್ ಇರೋ ಕೋಣೆಗೇ ಹೋಗಿ ಕೂತ್ಕೊಳ್ಳಿ.

ಮೂರನೇದು, ಇಯರ್‌ಫೋನ್ ಹಾಕಿ. ಸ್ಪೀಕರ್‌ನಲ್ಲಿ ಮಾತಾಡಿದ್ರೆ ಆ ಕಡೆಯವರ ದನಿ ನಿಮ್ಮ ಮೈಕಿಗೇ ಮತ್ತೆ ಬೀಳುತ್ತೆ. ಅದನ್ನ ಅಳಿಸೋ ಭರದಲ್ಲಿ ಆ್ಯಪ್ ಕೆಲವು ಸಲ ನಿಮ್ಮ ಮಾತನ್ನೂ ನುಂಗುತ್ತೆ. ಅಜ್ಜಿ ಮನೆಯ ತುಂಬಾ ಕೇಳೋ ಹಾಗೆ ಸ್ಪೀಕರ್ ಹಾಕ್ಕೊಂಡಾಗ ನೀವು ಹೇಳಿದ್ದು ಅರ್ಧವೇ ತಲುಪೋದು ಹೀಗೆ. ಬ್ಲೂಟೂತ್ ತನ್ನದೂ ಸ್ವಲ್ಪ ತಡ ಸೇರಿಸುತ್ತೆ, ಇಂಟರ್‌ವ್ಯೂ ದಿನ ತಂತಿಯದ್ದೇ ಇರಲಿ.

ನಾಲ್ಕನೇದು, ತುರ್ತು ಇದ್ದಾಗ ಆ್ಯಪ್ ತೆರೀಬೇಡಿ. 112ಕ್ಕೆ ಡಯಲರ್‌ನಿಂದಲೇ ಫೋನ್ ಮಾಡಬೇಕು, ವಾಟ್ಸ್‌ಆ್ಯಪ್ ಕಾಲ್ ಅಲ್ಲಿಗೆ ಹೋಗಲ್ಲ. ಇದನ್ನ ಮನೆಯ ಹಿರಿಯರಿಗೂ ಮಕ್ಕಳಿಗೂ ಒಂದ್ಸಲ ಹೇಳಿಡಿ.

ಕೊನೇದು ದುಡ್ಡು ಖರ್ಚಿಲ್ಲದ್ದು. ಪ್ರಶ್ನೆ ಕೇಳಿದ ಮೇಲೆ ಒಂದು ಉಸಿರು ಕಾಯಿರಿ. ಅಪ್ಪ ತಡವಾಗಿ ‘ಹೂಂ’ ಅಂದ್ರೆ, ಅವರು ಮೊದಲೇ ಅಂದಿದ್ದು ನಿಮಗೆ ಈಗ ತಲುಪಿರಬಹುದು. ‘ಏನಪ್ಪಾ, ಬೇಜಾರಾ?’ ಅಂತ ಕೇಳೋ ಮೊದಲು ಕ್ಯಾಮೆರಾ ಆಫ್ ಮಾಡಿ ಒಂದ್ಸಲ ನೋಡಿ.

ಮುಂದಿನ ವಾರ, ವೈಫೈ ರೂಟರನ್ನು ಮನೆಯಲ್ಲಿ ಎಲ್ಲಿಡಬೇಕು, ಅಡುಗೆಮನೆ ಪಕ್ಕ ಯಾಕಿಡಬಾರದು ಅನ್ನೋದನ್ನ ನೋಡೋಣ. ನಿಮ್ಮ ಪ್ರಶ್ನೆಗಳನ್ನು ಕಳಿಸ್ತಾ ಇರಿ.